ಟುಲೂಸ್‌ನಲ್ಲಿ ಮಗಳು, ಕಾರಿಲ್ಲ, ಮೊಟ್ಟೆನೂ ತಿನ್ನಲ್ಲ: ಎರಡು ರಾತ್ರಿಗೆ ಫ್ರಾನ್ಸಿನ ಯಾವ ಹಳೇ ಊರು?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಹೈಸ್ಕೂಲ್ ಟೀಚರ್, ಸಮಾಜ ವಿಜ್ಞಾನ ಪಾಠ ಮಾಡ್ತಿದ್ದೆ. ಮಗಳು ಟುಲೂಸ್‌ನಲ್ಲಿ ವಿಮಾನದ ಕಂಪನಿಲಿ ಕೆಲಸದಲ್ಲಿದಾಳೆ. ಸೆಪ್ಟೆಂಬರ್‌ನಲ್ಲಿ ನಾನೂ ನಮ್ಮನೆಯವರೂ ಅಲ್ಲಿಗೆ ಹೋಗ್ತಿದೀವಿ. ಪ್ಯಾರಿಸ್ ಅವಳೇ ತೋರಿಸ್ತಾಳಂತೆ. ಆದ್ರೆ ಗಲಾಟೆ ಇಲ್ಲದ, ಹಳೇ ಕಾಲದ ಸಣ್ಣ ಊರಲ್ಲಿ ನಾವಿಬ್ರೇ ಎರಡು ದಿನ ಇದ್ದು ಬರ್ಬೇಕು ಅಂತ ನನ್ನಾಸೆ. ಕಾರಿಲ್ಲ, ಫ್ರೆಂಚ್ ಬರಲ್ಲ, ನಾವು ಮೊಟ್ಟೆನೂ ತಿನ್ನಲ್ಲ, ನಮ್ಮನೆಯವರಿಗೆ ಮಂಡಿ ನೋವು. ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಅಂತ ಹುಡುಕಿದ್ರೆ ರಾಶಿ ರಾಶಿ ಫೋಟೋ ಬರತ್ತೆ, ಯಾವ್ದು ಆರಿಸ್ಕೋಬೇಕೋ ಗೊತ್ತಾಗ್ತಿಲ್ಲ.

ಉತ್ತರ: ಮೇಡಂ, ಸುತ್ತಿ ಬಳಸಿ ಹೇಳಲ್ಲ, ಫಿಜಾಕ್‌ಗೆ ಹೋಗಿ. ಟುಲೂಸ್‌ಗೆ ಈಶಾನ್ಯದಲ್ಲಿ, ಲೋತ್ ಅನ್ನೋ ಜಿಲ್ಲೆಲಿ, ಸೆಲೆ ಅನ್ನೋ ಸಣ್ಣ ಹೊಳೆ ದಂಡೆ ಮೇಲಿದೆ. ಜನ ಹತ್ತು ಸಾವಿರದ ಆಸುಪಾಸು. ಟುಲೂಸ್‌ನ ಮಾತಾಬಿಯೋ ಸ್ಟೇಷನ್‌ನಿಂದ ಡೈರೆಕ್ಟ್ ಟ್ರೈನ್ ಇದೆ, ಎರಡೂಕಾಲು ಎರಡೂವರೆ ಗಂಟೆ ಪ್ರಯಾಣ. ನಿಮ್ಮ ಕಂಡೀಷನ್‌ಗಳಿಗೆಲ್ಲ ಹೊಂದೋ ಊರು ಆ ಕಡೆ ಬೇರೆ ಇಲ್ಲ ಅಂತಲೇ ನನ್ನ ಲೆಕ್ಕ.

ಆ ‘ಅತಿ ಸುಂದರ ಹಳ್ಳಿ’ ಪಟ್ಟಿ ಬಗ್ಗೆ ಮೊದ್ಲು ಒಂದು ಮಾತು. ಅದು ಯಾರೋ ಬ್ಲಾಗ್‌ನವರು ಮಾಡಿದ್ದಲ್ಲ, 1982ರಲ್ಲಿ ಶುರುವಾದ ಒಂದು ಸಂಘದ್ದು, ಅದಕ್ಕೆ ಸೇರ್ಬೇಕಂದ್ರೆ ಜನಸಂಖ್ಯೆ ಎರಡು ಸಾವಿರ ದಾಟಬಾರದು ಅಂತ ನಿಯಮಾನೇ ಇದೆ. ಅಂದ್ರೆ ಅರ್ಥ ಮಾಡ್ಕೊಳ್ಳಿ, ಕಾರಿಲ್ಲದವರಿಗೆ ಆ ಹಳ್ಳಿಗಳು ಫೋಟೋದಲ್ಲೇ ಚೆನ್ನ. ಬಹಳಷ್ಟು ಕಡೆ ಟ್ರೈನ್ ಇಲ್ಲ, ಬಸ್ಸು ಇದ್ರೆ ದಿನಕ್ಕೆ ಒಂದೋ ಎರಡೋ, ಮಧ್ಯಾಹ್ನ ಟೂರಿಸ್ಟ್ ಬಸ್ಸಲ್ಲಿ ಬಂದೋರಿಂದ ಕಾಲಿಡಕ್ಕೆ ಜಾಗ ಇರಲ್ಲ, ಸಂಜೆ ಆರಾದ್ರೆ ಅಂಗಡಿಯವರೂ ಬಾಗಿಲು ಹಾಕ್ಕೊಂಡು ಬೇರೆ ಊರಿನ ಮನೆಗೆ ಹೋಗ್ತಾರೆ. ನಿಶ್ಶಬ್ದ ಏನೋ ಸಿಗತ್ತೆ, ಆದ್ರೆ ಒಂದು ಲೋಟ ಕಾಫಿನೂ ಸಿಗಲ್ಲ.

ಫಿಜಾಕ್ ಹಂಗಲ್ಲ. ಅಲ್ಲಿ ಜನ ವರ್ಷಪೂರ್ತಿ ವಾಸ ಇದಾರೆ, ಸ್ಕೂಲಿದೆ, ಆಸ್ಪತ್ರೆ ಇದೆ, ಮೆಡಿಕಲ್ ಸ್ಟೋರ್ ಇದೆ, ಸಂಜೆ ಬೀದಿಲಿ ಮಕ್ಕಳು ಸೈಕಲ್ ಹೊಡೀತಿರ್ತಾರೆ. ಇದಕ್ಕೆ ಕಾರಣ ಕೇಳಿದ್ರೆ ನಿಮ್ಮ ಮಗಳಿಗೇ ಖುಷಿ ಆಗತ್ತೆ: ಊರಾಚೆ ವಿಮಾನದ ಭಾಗ ಮಾಡೋ ಫ್ಯಾಕ್ಟರಿಗಳಿವೆ. ಏರ್‌ಬಸ್‌ನ ಎ400ಎಂ ಅನ್ನೋ ಮಿಲಿಟರಿ ಸಾಗಣೆ ವಿಮಾನಕ್ಕೆ ನಾಲ್ಕು ದೈತ್ಯ ಪ್ರೊಪೆಲ್ಲರ್ ಇದಾವಲ್ಲ, ಒಂದೊಂದಕ್ಕೂ ಎಂಟು ರೆಕ್ಕೆ, ಸುತ್ತೋ ವೃತ್ತದ ವ್ಯಾಸ 5.3 ಮೀಟರ್, ಅವನ್ನ ಮಾಡೋದು ಈ ಊರಿನ ರಾತಿಯೇ-ಫಿಜಾಕ್ ಕಂಪನಿ. ಮಗಳಿಗೆ ಹೆಸರು ಹೇಳಿ ನೋಡಿ, ಗೊತ್ತಿದ್ದೇ ಇರತ್ತೆ. ಫ್ಯಾಕ್ಟರಿ ಇದ್ರೆ ಸಂಬಳ, ಸಂಬಳ ಇದ್ರೆ ಬೇಕರಿ, ಬೇಕರಿ ಇದ್ರೆ ಊರು. ಎಂಟ್ನೂರು ವರ್ಷದ ಹಳೇ ಮನೆಗಳ ಕೆಳಗಡೆ ಇವತ್ತಿಗೂ ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿ ನಡೀತಿರೋದು ಅದಕ್ಕೇನೇ.

ಈಗ ಟ್ರೈನು. ರೀಜನಲ್ ಟ್ರೈನಿಗೆ ಟಿಇಆರ್ ಅಂತಾರೆ, ಸೀಟ್ ರಿಸರ್ವೇಶನ್ ಇರಲ್ಲ, ಖಾಲಿ ಇರೋ ಕಡೆ ಕೂತ್ಕೊಳ್ಳೋದು. ಟಿಕೆಟ್ ಮಗಳ ಫೋನಲ್ಲೇ ತಗೋಬಹುದು. ಎರಡು ವಿಷಯ ಮಾತ್ರ ಗಮನ ಇಡಿ. ಒಂದು, ಟೈಮ್‌ಟೇಬಲ್‌ನಲ್ಲಿ ಕೆಲವು ‘ಟ್ರೈನು’ ನಿಜವಾಗಿ ಬಸ್ಸಾಗಿರತ್ತೆ, ಓಟೋಕಾರ್ ಅಂತ ಬರೆದಿರತ್ತೆ ಅಥವಾ ಬಸ್ಸಿನ ಚಿತ್ರ ಇರತ್ತೆ. ಅದು ಸ್ಟೇಷನ್ ಹೊರಗಿಂದ ಹೊರಡತ್ತೆ, ನೀವು ಪ್ಲಾಟ್‌ಫಾರ್ಮ್‌ನಲ್ಲಿ ಕಾಯ್ತಾ ಇದ್ರೆ ಹೋಗೇಬಿಡತ್ತೆ. ಇನ್ನೊಂದು, ಸಣ್ಣ ಸ್ಟೇಷನ್‌ನಲ್ಲಿ ಡೋರ್ ತಾನಾಗೇ ತೆಗೆಯಲ್ಲ, ಬಟನ್ ಒತ್ಬೇಕು, ಒಂದು ನಿಮಿಷ ನಿಂತ್ರೆ ಹೆಚ್ಚು, ಹಾಗಾಗಿ ಹಿಂದಿನ ಸ್ಟೇಷನ್ ಬಿಟ್ಟ ತಕ್ಷಣ ಬ್ಯಾಗ್ ತಗೊಂಡು ಬಾಗಿಲ ಹತ್ರ ನಿಂತ್ಕೊಳ್ಳಿ. ದಾರಿ ಮಾತ್ರ ಬಹಳ ಚೆನ್ನಾಗಿದೆ, ಗಾಯಾಕ್ ಅನ್ನೋ ಊರು ದಾಟಿದ ಮೇಲೆ ಅವೇರೋಂ ನದಿ ಕಣಿವೆ ಸೇರ್ಕೊಳತ್ತೆ, ಸುರಂಗ, ಸೇತುವೆ, ಸುರಂಗ, ಆಮೇಲೆ ನಜಾಕ್ ಅನ್ನೋ ಸ್ಟೇಷನ್ ಹತ್ರ ಬೆಟ್ಟದ ತುದಿಲಿ ಮುರಿದ ಕೋಟೆ ಕಾಣತ್ತೆ, ಅಲ್ಲಿ ಮಾತ್ರ ನಿದ್ದೆ ಮಾಡ್ಬೇಡಿ.

(ಪ್ಯಾರಿಸ್‌ನಿಂದ ನೇರ ಬರೋ ಪ್ಲಾನ್ ಆದ್ರೆ ಆಸ್ತರ್ಲಿಟ್ಸ್ ಸ್ಟೇಷನ್‌ನಿಂದ ರೋದೆಸ್ ಕಡೆ ಹೋಗೋ ರಾತ್ರಿ ರೈಲು ಫಿಜಾಕ್‌ನಲ್ಲಿ ನಿಲ್ಲತ್ತೆ. ಆದ್ರೆ ಮಲಗೋ ಬರ್ತು ಹತ್ತಕ್ಕೆ ಏಣಿ ಇರೋದು, ಮಂಡಿ ನೋವಿನವರಿಗೆ ಕೆಳಗಿನದ್ದು ಸಿಕ್ರೆ ಮಾತ್ರ.)

ಯಾವ ವಾರ ಹೋಗೋದು ಅನ್ನೋದನ್ನ ಜನ ಯೋಚನೆ ಮಾಡೋದೇ ಇಲ್ಲ, ಅಲ್ಲೇ ಟ್ರಿಪ್ ಕೆಡೋದು. ಫ್ರಾನ್ಸಿನ ಸಣ್ಣ ಊರುಗಳಲ್ಲಿ ಭಾನುವಾರ ಮಧ್ಯಾಹ್ನದಿಂದ ಸೋಮವಾರ ಸಂಜೆ ತನಕ ಅರ್ಧ ಊರು ಮುಚ್ಚಿರತ್ತೆ, ಹೋಟೆಲೂ ಮುಚ್ಚಿರ್ತಾವೆ, ಮ್ಯೂಸಿಯಂಗೂ ಸೋಮವಾರ ರಜ ಇರೋದೇ ಹೆಚ್ಚು. ಫಿಜಾಕ್‌ನ ದೊಡ್ಡ ಸಂತೆ ಶನಿವಾರ ಬೆಳಗ್ಗೆ. ಹಾಗಾಗಿ ಗುರುವಾರ ಮಧ್ಯಾಹ್ನ ಹೋಗಿ ಇಳಿದು, ಶುಕ್ರವಾರ ಮ್ಯೂಸಿಯಂ ನೋಡಿ, ಶನಿವಾರ ಸಂತೆ ಮುಗಿಸ್ಕೊಂಡು ಸಂಜೆ ಟ್ರೈನಿಗೆ ವಾಪಸ್. ಸೆಪ್ಟೆಂಬರ್ ಮೂರನೇ ವಾರಾಂತ್ಯ ಸಿಗೋ ಹಾಗಿದ್ರೆ ಶುಕ್ರವಾರದಿಂದ ಭಾನುವಾರ ಮಾಡ್ಕೊಳ್ಳಿ, ಆ ಶನಿವಾರ ಭಾನುವಾರ ಇಡೀ ಫ್ರಾನ್ಸಲ್ಲಿ ಪರಂಪರೆ ದಿನ ಆಚರಿಸ್ತಾರೆ, ಮಾಮೂಲಿ ದಿನ ಬೀಗ ಹಾಕಿರೋ ಹಳೇ ಕಟ್ಟಡಗಳ ಬಾಗಿಲು ತೆಗೀತಾರೆ, ಬಹಳ ಕಡೆ ಟಿಕೆಟ್ ಕೂಡ ಇರಲ್ಲ. ಆವತ್ತು ಜನ ಜಾಸ್ತಿ, ಆದ್ರೆ ಎಲ್ಲಾ ಅದೇ ಸೀಮೆ ಜನ.

ಊರಲ್ಲಿ ನೋಡೋದೇನು ಅಂತ ಕೇಳಿದ್ರೆ, ಮೇಡಂ, ಮೊದ್ಲು ತಲೆ ಎತ್ತಿ ನಡೀರಿ. ಒಂಬತ್ತನೇ ಶತಮಾನದಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳ ಮಠ ಬಂತು, ಅದರ ಸುತ್ತ ಊರು ಬೆಳೀತು, ಸ್ಪೇನಿನ ಸಾಂತಿಯಾಗೋ ಅನ್ನೋ ಕ್ರೈಸ್ತರ ಕ್ಷೇತ್ರಕ್ಕೆ ಪಾದಯಾತ್ರೆ ಹೋಗೋ ದಾರಿನೂ ಇದೇ ಊರ ಮೇಲೆ ಹೋಗತ್ತೆ, ಈಗಲೂ ಬೆನ್ನ ಮೇಲೆ ಚೀಲ, ಕೈಲಿ ಕೋಲು ಹಿಡ್ಕೊಂಡೋರು ಕಾಣ್ತಾರೆ. ಹನ್ನೆರಡರಿಂದ ಹದಿನಾಲ್ಕನೇ ಶತಮಾನದೊಳಗೆ ವ್ಯಾಪಾರಿಗಳು ದುಡ್ಡು ಮಾಡಿ ಮರಳುಗಲ್ಲಿನ ಮನೆ ಕಟ್ಟಿಸಿದ್ರು. ಒಂದು ಮನೆ ಎದುರು ನಿಂತು ಕೆಳಗಿಂದ ಮೇಲೆ ಓದ್ಕೊಂಡು ಹೋಗಿ: ನೆಲಮಟ್ಟದಲ್ಲಿ ಚೂಪು ಕಮಾನಿನ ದೊಡ್ಡ ಬಾಯಿ, ಅದು ಅಂಗಡಿ, ಅದರ ಮೇಲೆ ಕೆತ್ತನೆ ಕಂಬದ ಜೋಡಿ ಕಿಟಕಿ, ಅದು ಯಜಮಾನರ ಪಡಸಾಲೆ, ದೊಡ್ಡಸ್ತಿಕೆ ತೋರಿಸೋ ಜಾಗ, ಎಲ್ಲಕ್ಕಿಂತ ಮೇಲೆ ಸೂರಿನ ಕೆಳಗೆ ಗೋಡೆನೇ ಇಲ್ಲದೆ ಬರೀ ಕಂಬ ನಿಲ್ಲಿಸಿ ಗಾಳಿಗೆ ಬಿಟ್ಟ ಅಟ್ಟ. ಇದಕ್ಕೆ ಅಲ್ಲಿನವರು ಸೊಲೆಯೊ ಅಂತಾರೆ. ನಮ್ಮಲ್ಲಿ ತಾರಸಿ ಮೇಲೆ ಹಪ್ಪಳ ಸಂಡಿಗೆ ಹಾಕ್ತೀವಲ್ಲ ಅದೇ ಕೆಲಸ, ಹಣ್ಣು, ಕಾಳು, ಬಟ್ಟೆ, ಹದ ಮಾಡಿದ ಚರ್ಮ ಎಲ್ಲಾ ಅಲ್ಲಿ ಒಣಗ್ತಿತ್ತು, ಮಳೆ ಬಂದ್ರೆ ಓಡಿ ಹೋಗಿ ಎತ್ತೋ ಕೆಲಸ ಇರ್ಲಿಲ್ಲ ಅಷ್ಟೇ. ಒಂದ್ಸಲ ಇದು ಕಣ್ಣಿಗೆ ಬಿದ್ರೆ ಆಮೇಲೆ ಪ್ರತಿ ಬೀದಿಲೂ ಕಾಣತ್ತೆ. ಗೋಡೆ ಕಟ್ಟಿ ಮುಚ್ಚಿಸಿ ರೂಮು ಮಾಡ್ಕೊಂಡಿರೋರೂ ಇದಾರೆ, ಅದನ್ನೂ ಗುರುತು ಹಿಡೀಬಹುದು, ಕಂಬ ಗೋಡೆಲೇ ಹೂತಿರತ್ತೆ.

ಇಂಥ ಮನೆಗಳಲ್ಲಿ ಚೆನ್ನಾಗಿ ಉಳ್ಕೊಂಡಿರೋದು ವಿವಾಲ್ ಚೌಕದಲ್ಲಿರೋ ಟಂಕಸಾಲೆ ಅಂತ ಹೆಸರಿನ ಹದಿಮೂರನೇ ಶತಮಾನದ ಕಟ್ಟಡ, ಟೂರಿಸ್ಟ್ ಆಫೀಸ್ ಅದರಲ್ಲೇ ಇದೆ, ಹಾಗಾಗಿ ಮೊದಲ ದಿನವೇ ಅಲ್ಲಿಗೆ ಹೋಗಿ ನಕ್ಷೆ ಇಸ್ಕೊಳ್ಳಿ, ಎರಡೂ ಕೆಲಸ ಆಗತ್ತೆ.

ಈಗ ನೀವು ಸಮಾಜ ವಿಜ್ಞಾನದ ಟೀಚರ್ ಅಂದಿದ್ದಕ್ಕೇ ನಾನು ಈ ಊರು ಹೇಳಿದ್ದು ಯಾಕೆ ಅಂತ ಹೇಳ್ತೀನಿ. ಈಜಿಪ್ಟಿನ ಚಿತ್ರಲಿಪಿ ಓದಿದ ಶಾಂಪೋಲಿಯೋಂ ಹುಟ್ಟಿದ್ದು ಇಲ್ಲೇ, 1790ರ ಡಿಸೆಂಬರ್ 23ಕ್ಕೆ. ಅಪ್ಪ ಪುಸ್ತಕದ ಅಂಗಡಿ ಇಟ್ಟಿದ್ದವರು. ಹತ್ತು ವರ್ಷದ ಹುಡುಗ ಇರೋವಾಗ ಅಣ್ಣನ ಹತ್ರ ಗ್ರೆನೋಬ್ಲ್‌ಗೆ ಓದಕ್ಕೆ ಹೋದ. ಹುಟ್ಟಿದ ಮನೆಯ ಜಾಗದಲ್ಲಿ ಈಗ ಮ್ಯೂಸಿಯಂ ಇದೆ, ‘ಜಗತ್ತಿನ ಲಿಪಿಗಳು’ ಅಂತ, ಬರೀ ಈಜಿಪ್ಟ್ ಅಲ್ಲ, ಮೆಸೊಪೊಟೇಮಿಯದ ಮಣ್ಣಿನ ಹಲಗೆ, ಚೀನಾ, ಮಾಯಾ, ಗ್ರೀಕ್ ಲ್ಯಾಟಿನ್ ಎಲ್ಲಾ ಬರತ್ತೆ. ಬಾಗಿಲ ಹೊರಗೇ ನಿಂತು ಸ್ವಲ್ಪ ಹೊತ್ತು ನೋಡಿ, ಕಲ್ಲಿನ ಗೋಡೆ ಹಿಂದೆ ತಾಮ್ರದ ತಗಡು, ಗಾಜು, ಅದರ ತುಂಬಾ ಬೇರೆಬೇರೆ ಲಿಪಿಗಳ ಅಕ್ಷರ ಕೊರೆದಿದಾರೆ, ಬಿಸಿಲು ಬಿದ್ರೆ ಅಕ್ಷರ ಒಳಗೆಲ್ಲ ಬೀಳತ್ತೆ.

ಅಲ್ಲಿಂದ ಎರಡು ಹೆಜ್ಜೆ ಹಿಂದೆ, ಕಮಾನಿನ ಸಂದಿ ದಾಟಿದ್ರೆ ಲಿಪಿಗಳ ಅಂಗಳ ಸಿಗತ್ತೆ. ಅಮೆರಿಕದ ಕಲಾವಿದ ಜೋಸೆಫ್ ಕೊಸುತ್ 1991ರಲ್ಲಿ ಮಾಡಿದ್ದು, ಜಿಂಬಾಬ್ವೆಯಿಂದ ತರಿಸಿದ ಕರಿ ಗ್ರಾನೈಟ್‌ನಲ್ಲಿ, ಚಿತ್ರಲಿಪಿ ಓದಕ್ಕೆ ದಾರಿ ತೋರಿಸಿದ ರೊಸೆಟ್ಟಾ ಶಿಲೆಯನ್ನ ಎಷ್ಟೋ ಪಟ್ಟು ದೊಡ್ಡದು ಮಾಡಿ ನೆಲಕ್ಕೇ ಹಾಸಿದಾರೆ. ಅದರ ಮೇಲೆ ನಡೀಬಹುದು, ಕೂತು ಅಕ್ಷರ ಮುಟ್ಟಿ ನೋಡ್ಬಹುದು, ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಮಳೆ ಬಿದ್ದಿದ್ರೆ ಮಾತ್ರ ನಿಮ್ಮನೆಯವರನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ, ಜಾರತ್ತೆ. ಅಸಲಿ ಶಿಲೆ 1799ರಲ್ಲಿ ನೆಪೋಲಿಯನ್ನನ ಸೈನಿಕರಿಗೆ ಈಜಿಪ್ಟಲ್ಲಿ ಸಿಕ್ಕಿದ್ದು, ಅವರು ಸೋತ ಮೇಲೆ ಇಂಗ್ಲಿಷರ ಪಾಲಾಗಿ 1802ರಿಂದ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಗಾಜಿನ ಪೆಟ್ಟಿಗೆ ಸುತ್ತ ಮೊಬೈಲ್ ಎತ್ತಿರೋ ಕೈಗಳೇ ಕೈಗಳು. ಅದಕ್ಕಿಂತ ಇಲ್ಲಿ ನೋಡೋದೇ ಸುಖ ಅಂತ ನಾನು ಎಲ್ರಿಗೂ ಹೇಳ್ತೀನಿ, ನಕಲು ಆದ್ರೇನಂತೆ.

ಪಟ್ಟದಕಲ್ಲಿನಲ್ಲಿ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬದ ಶಾಸನ ನೀವು ನೋಡಿರ್ತೀರ, ಮಕ್ಕಳನ್ನ ಕರ್ಕೊಂಡೂ ಹೋಗಿರ್ತೀರ, ಒಂದೇ ಸಂಸ್ಕೃತ ಪಾಠನ ಉತ್ತರದ ಸಿದ್ಧಮಾತೃಕೆ ಲಿಪಿಯಲ್ಲೂ ಕನ್ನಡ ಲಿಪಿಯಲ್ಲೂ ಬರೆಸಿದಾರೆ. ಅಲ್ಲಿ ಭಾಷೆ ಒಂದು, ಲಿಪಿ ಎರಡು. ರೊಸೆಟ್ಟಾದಲ್ಲಿ ಭಾಷೆ ಎರಡು, ಲಿಪಿ ಮೂರು: ಮೇಲೆ ಚಿತ್ರಲಿಪಿ, ನಡುವೆ ಜನಬಳಕೆಯ ಡೆಮೋಟಿಕ್, ಕೆಳಗೆ ಗ್ರೀಕ್. ಗ್ರೀಕ್ ಓದಕ್ಕೆ ಬರ್ತಿತ್ತು, ಆದ್ರೂ ಇಪ್ಪತ್ತು ವರ್ಷ ಯಾರಿಗೂ ಪೂರ್ತಿ ಬಿಡಿಸಕ್ಕೆ ಆಗ್ಲಿಲ್ಲ, ಯಾಕಂದ್ರೆ ಚಿತ್ರ ಅಂದ್ಮೇಲೆ ಅದು ಬರೀ ಅರ್ಥ ಹೇಳತ್ತೆ, ಉಚ್ಚಾರಣೆ ಹೇಳಲ್ಲ, ಪರದೇಶಿ ರಾಜರ ಹೆಸರಿಗೆ ಮಾತ್ರ ಉಚ್ಚಾರಣೆ ಅಂತ ಎಲ್ಲರ ತಲೇಲೂ ಕೂತಿತ್ತು. ಶಾಂಪೋಲಿಯೋಂಗೆ ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಭಾಷೆ ಚೆನ್ನಾಗಿ ಬರ್ತಿತ್ತು. ಹಳೇ ದೇವಸ್ಥಾನದ ಶಾಸನದ ಪ್ರತಿಲಿ ರಾಜನ ಹೆಸರಿನ ಸುತ್ತ ಬರೆಯೋ ಉದ್ದುದ್ದ ಗೂಡು ಒಂದು ಸಿಕ್ತು, ಅದರೊಳಗೆ ಮೊದ್ಲು ಒಂದು ದುಂಡಗಿನ ಸೂರ್ಯ, ಆಮೇಲೆ ‘ಮ್ಸ್’ ಅಂತ ಓದೋ ಒಂದು ಗುರುತು, ಕೊನೆಗೆ ‘ಸ’ ಎರಡು ಸಲ. ಸೂರ್ಯನಿಗೆ ಕಾಪ್ಟಿಕ್‌ನಲ್ಲಿ ‘ರ’. ರ, ಮ್ಸ್, ಸ್, ಸ್: ರಾಮ್ಸೆಸ್! ಗ್ರೀಕರು ಬರೋಕೆ ಸುಮಾರು ಒಂಬೈನೂರು ವರ್ಷ ಮುಂಚಿನ ರಾಜ. ಅಂದ್ರೆ ಚಿತ್ರ ಅರ್ಥನೂ ಹೇಳತ್ತೆ, ಉಚ್ಚಾರಣೆನೂ ಹೇಳತ್ತೆ, ಒಂದೇ ಸಾಲಲ್ಲಿ ಎರಡೂ. 1822ರ ಸೆಪ್ಟೆಂಬರ್ 27ಕ್ಕೆ ಪ್ಯಾರಿಸ್‌ನಲ್ಲಿ ಇದನ್ನ ಮಂಡಿಸಿದ, 1832ರಲ್ಲಿ ತೀರ್ಕೊಂಡ, ನಲವತ್ತೆರಡೂ ತುಂಬಿರ್ಲಿಲ್ಲ. ಮ್ಯೂಸಿಯಂ ಒಳಗೆ ಹೋಗೋ ಮುಂಚೆ ಈ ಸೂರ್ಯನ ಗುರುತು ತಲೇಲಿಟ್ಕೊಂಡು ಹೋಗಿ, ಫ್ರೆಂಚ್ ಬರ್ದಿದ್ರೂ ಬೇಜಾರಾಗಲ್ಲ.

ಚರಿತ್ರೆ ಅಂದ್ರೆ ಬರೀ ಸುಂದರವಾದ್ದೇ ಅಲ್ಲ. 1576ರಿಂದ 1622ರವರೆಗೆ ಈ ಊರು ಪ್ರಾಟೆಸ್ಟೆಂಟರ ಕೈಲಿತ್ತು, ಗುಡ್ಡದ ಮೇಲಿನ ನೋತ್ರ್ ದಾಮ್ ದ್ಯು ಪ್ಯುಇ ಚರ್ಚನ್ನ ಅವರು ಕೋಟೆ ಮಾಡ್ಕೊಂಡಿದ್ರು. ಎರಡನೇ ಮಹಾಯುದ್ಧದಲ್ಲಿ ಆ ಪ್ರೊಪೆಲ್ಲರ್ ಫ್ಯಾಕ್ಟರಿನ ಜರ್ಮನರು ತಮ್ಮ ವಿಮಾನಕ್ಕೆ ಬಳಸ್ಕೊಳ್ತಿದ್ರು, 1944ರ ಜನವರಿಲಿ ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡ್ತಿದ್ದ ಪ್ರತಿರೋಧದವರು ಒಳಗೆ ಸ್ಫೋಟಕ ಇಟ್ಟು ಕೆಲಸ ನಿಲ್ಲಿಸಿದ್ರು, ಅದೇ ವರ್ಷ ಮೇ 12ಕ್ಕೆ ಹಿಟ್ಲರನ ಎಸ್‌ಎಸ್ ಸೈನಿಕರು ಬಂದು ನೂರಾರು ಜನರನ್ನ ಹಿಡ್ಕೊಂಡು ಹೋದ್ರು, ಬಹಳ ಜನ ನಾಜಿ ಸೆರೆ ಕ್ಯಾಂಪುಗಳಿಂದ ವಾಪಸ್ ಬರಲೇ ಇಲ್ಲ. ಸ್ಮಾರಕದ ಮೇಲಿನ ಹೆಸರು ಓದ್ತಾ ಹೋದ್ರೆ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರತ್ತೆ.

ಮಂಡಿ ನೋವಿನ ವಿಷಯ. ಹಳೇ ಊರಿನ ನಡುಭಾಗ ಹೆಚ್ಚೂಕಮ್ಮಿ ಸಮತಟ್ಟು, ಕಲ್ಲು ಹಾಸಿರೋ ಬೀದಿ, ಗಟ್ಟಿ ಅಡಿ ಇರೋ ಶೂ ಸಾಕು. ಆ ಗುಡ್ಡದ ಚರ್ಚಿಗೆ ಮಾತ್ರ ಕಡಿದಾದ ಏರು, ಮೆಟ್ಟಿಲು. ಮೇಲಿಂದ ಇಡೀ ಊರಿನ ಹೆಂಚು ಕಾಣತ್ತೆ, ನೀವೊಬ್ರೇ ಹೋಗಿ ಬನ್ನಿ, ಸಾಹೇಬ್ರು ಶಾಂಪೋಲಿಯೋಂ ಚೌಕದಲ್ಲಿ ಕಾಫಿ ಕುಡೀತಾ ಕೂತಿರ್ಲಿ, ಒಂದು ಕಪ್ ಕಾಫಿಗೆ ಎಷ್ಟು ಹೊತ್ತು ಕೂತ್ರೂ ಯಾರೂ ಎಬ್ಬಿಸಲ್ಲ. ಸ್ಟೇಷನ್ ಹೊಳೆಯ ಆಚೆ ದಡದಲ್ಲಿದೆ, ಸೇತುವೆ ದಾಟಿ ಹತ್ತು ಹನ್ನೆರಡು ನಿಮಿಷ ನಡಿಗೆ. ರೂಮು ಬುಕ್ ಮಾಡೋವಾಗ ಲಿಫ್ಟ್ ಇದೆಯಾ ಅಂತ ಬರೆದು ಕೇಳಿ, ಹಳೇ ಕಟ್ಟಡದಲ್ಲಿ ಸುರುಳಿ ಮೆಟ್ಟಿಲು ಇರತ್ತೆ, ಫೋಟೋದಲ್ಲಿ ಅದೇ ಬಹಳ ಚಂದ ಕಾಣೋದು, ಸೂಟ್‌ಕೇಸ್ ಹೊತ್ತಾಗ ಗೊತ್ತಾಗತ್ತೆ ಅದರ ಚಂದ.

ಊಟ. ಇದು ಬಾತುಕೋಳಿ ಸೀಮೆ, ಮುಚ್ಚುಮರೆ ಬೇಡ. ಸಾಲಡ್ ಅಂತ ಬಂದ್ರೂ ಅದರ ಮೇಲೆ ಜೇಸಿಯೇ, ಅಂದ್ರೆ ಬಾತುಕೋಳಿ ಹೊಟ್ಟೆ ಭಾಗ, ಇರಬಹುದು; ಲಾರ್ದೋಂ, ಜಾಂಬೋಂ ಎರಡೂ ಹಂದಿ; ಹುರಿದ ಆಲೂಗಡ್ಡೆನೂ ಎಷ್ಟೋ ಕಡೆ ಬಾತುಕೋಳಿ ಕೊಬ್ಬಲ್ಲೇ ಹುರೀತಾರೆ, ಅದನ್ನ ಮಾಂಸ ಅಂತ ಅವರು ಲೆಕ್ಕಕ್ಕೇ ತಗೊಳ್ಳಲ್ಲ. ಹಾಗಾಗಿ ಬರೀ ‘ವೆಜಿಟೇರಿಯನ್’ ಅಂತ ಹೇಳಿ ಸುಮ್ಮನಾಗ್ಬೇಡಿ. ಮಗಳ ಕೈಲಿ ಒಂದು ಚೀಟಿ ಫ್ರೆಂಚಲ್ಲಿ ಬರೆಸ್ಕೊಳ್ಳಿ: ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಪ್ರಾಣಿ ಕೊಬ್ಬು ಇಲ್ಲ, ಹಾಲು ಬೆಣ್ಣೆ ಆಗತ್ತೆ. ಬಾಗಿಲಲ್ಲಿ ಬೋಂಜೂರ್ ಅಂದು ನಗ್ತಾ ಚೀಟಿ ಕೊಟ್ರೆ ಅಡುಗೆಯವರೇ ಏನಾದ್ರೂ ಮಾಡ್ಕೊಡ್ತಾರೆ, ಬೋಂಜೂರ್ ಹೇಳದೆ ಮೆನು ಕೇಳಿದ್ರೆ ಮುಖ ಬಿಗಿ ಆಗತ್ತೆ. ಅಲಿಗೋ ಅಂತ ಆ ಬೆಟ್ಟ ಸೀಮೆದು ಒಂದಿದೆ, ಆಲೂಗಡ್ಡೆ, ಬೆಳ್ಳುಳ್ಳಿ, ಚೀಸು ಸೇರಿಸಿ ತಿರುವಿ ತಿರುವಿ ಎಳೆ ಬರೋ ಹಾಗೆ ಮಾಡಿರ್ತಾರೆ, ಬಿಸಿ ಇದ್ದಾಗ್ಲೇ ತಿನ್ಬೇಕು. ಜೊತೆಗೆ ಸಾಸೇಜ್ ಬೇಡ ಅಂತ ಮೊದ್ಲೇ ಹೇಳಿ. ರೊಕಮಾದೂರ್ ಅನ್ನೋ ಪುಟ್ಟ ದುಂಡು ಮೇಕೆ ಚೀಸು, ಅಕ್ರೋಟು, ಜೇನು, ಇದು ಮೂರೂ ಸಂತೆಲೇ ಸಿಗತ್ತೆ. ಆದ್ರೆ ಅಲ್ಲಿನ ಸಾಂಪ್ರದಾಯಿಕ ಚೀಸಿಗೆ ಹಾಲು ಒಡೆಯಕ್ಕೆ ಎಳೇ ಕರು, ಮೇಕೆ ಮರಿ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ನಿಮ್ಮ ಮನೆ ಪದ್ಧತಿಗೆ ಆಗತ್ತೋ ಇಲ್ವೋ ನೀವೇ ನೋಡ್ಕೊಳ್ಳಿ. ಬೇಕರಿಲಿ ‘ಟ್ರೆಡಿಷನ್’ ಅಂತ ಕೇಳಿ ತಗೊಳ್ಳೋ ಉದ್ದ ಬ್ರೆಡ್ಡು ಹಿಟ್ಟು, ನೀರು, ಉಪ್ಪು, ಈಸ್ಟ್ ಅಷ್ಟೇ, 1993ರಿಂದ ಕಾನೂನೇ ಇದೆ. ಬ್ರಿಯೋಶ್, ಕೇಕು, ಟಾರ್ಟು ಎಲ್ಲಾದ್ರಲ್ಲೂ ಮೊಟ್ಟೆ, ಕ್ರೊಸಾಂಟ್ ಮೇಲೂ ಹೊಳಪಿಗೆ ಹಚ್ಚಿರ್ತಾರೆ.

ಊಟದ ಹೊತ್ತು ಹನ್ನೆರಡರಿಂದ ಒಂದೂವರೆ ಅಂತ ಇಟ್ಕೊಳ್ಳಿ, ಎರಡಕ್ಕೆ ಹೋದ್ರೆ ಅಡುಗೆಮನೆ ಮುಚ್ಚಿರತ್ತೆ, ರಾತ್ರಿ ಏಳೂವರೆಗೆ ಮುಂಚೆ ತೆಗೆಯಲ್ಲ. ಕುಡಿಯೋ ನೀರಿಗೆ ‘ಕರಾಫ್ ದೋ’ ಅಂದ್ರೆ ದುಡ್ಡಿಲ್ಲದ ನಲ್ಲಿ ನೀರು, ಒಳ್ಳೇ ನೀರೇ.

ನನ್ನ ಕೇಳಿದ್ರೆ ಅಡುಗೆಮನೆ ಇರೋ ಸಣ್ಣ ಅಪಾರ್ಟ್‌ಮೆಂಟ್ ಹಿಡೀರಿ, ಒಂದು ಹೊತ್ತಾದ್ರೂ ಅನ್ನ ಸಾರು ಆಗತ್ತೆ. ಸೂಪರ್‌ಮಾರ್ಕೆಟ್‌ನಲ್ಲಿ ಮಸೂರ್ ಬೇಳೆ ಸಿಗತ್ತೆ, ತೊಗರಿಬೇಳೆ ಟುಲೂಸ್‌ನಿಂದ್ಲೇ ತಗೊಂಡ್ಹೋಗಿ. ಒಲೆ ಇಂಡಕ್ಷನ್ ಆಗಿದ್ರೆ ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಕಾಯಲ್ಲ, ತಳಕ್ಕೆ ಮ್ಯಾಗ್ನೆಟ್ ಅಂಟತ್ತಾ ನೋಡಿ ತಗೊಂಡ್ಹೋಗಿ. ಇನ್ನು ಮೈಸೂರಿಂದ ಹೊರಡೋವಾಗ ಮಗಳಿಗೆ ಅಂತ ತುಪ್ಪದ ಡಬ್ಬಿ, ಮೈಸೂರ್ ಪಾಕ್, ಪೇಡ ಕಟ್ಬೇಡಿ: ಯುರೋಪಿಯನ್ ಯೂನಿಯನ್‌ಗೆ ಹೊರಗಿಂದ ಬರೋ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ, ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು ನಡೆಯತ್ತೆ.

ಸುತ್ತಮುತ್ತ ಕೋಂಕ್, ಸಾಂ ಸಿರ್ಕ್ ಲಪೋಪಿ ಅಂತ ಪ್ರಸಿದ್ಧ ಹಳ್ಳಿಗಳಿವೆ, ಕಾರಿಲ್ಲದೆ ಕಷ್ಟ, ಮಗಳು ವಾರಾಂತ್ಯಕ್ಕೆ ಗಾಡಿ ಬಾಡಿಗೆ ತಗೊಂಡು ಬಂದ್ರೆ ಕೋಂಕ್ ಒಂದು ನೋಡಿ, ಚರ್ಚಿನ ಬಾಗಿಲ ಮೇಲಿನ ಕೊನೇ ತೀರ್ಪಿನ ಶಿಲ್ಪಕ್ಕೋಸ್ಕರ ಆದ್ರೂ. ಆ ಚೀಸಿನ ಹೆಸರಿನ ಊರು ರೊಕಮಾದೂರ್‌ಗೆ ಟ್ರೈನ್ ಇದೆ ಅಂತ ಆಸೆ ಆಗತ್ತೆ, ಆದ್ರೆ ಸ್ಟೇಷನ್‌ನಿಂದ ಊರು ನಾಲ್ಕು ಕಿಲೋಮೀಟರ್, ಅಲ್ಲಿ ಮೆಟ್ಟಿಲು ಬಹಳ, ಮಂಡಿಗೆ ಬೇಡ.

ರೂಮ್ ಬುಕಿಂಗ್ ಈಗ್ಲೇ ಮಾಡಿ, ಸೆಪ್ಟೆಂಬರ್‌ನಲ್ಲಿ ಪಾದಯಾತ್ರಿಗಳು ಜಾಸ್ತಿ, ಕಡಿಮೆ ರೇಟಿನ ರೂಮುಗಳು ಮೊದ್ಲು ಅವರಿಗೇ ಹೋಗತ್ತೆ. ಟ್ರೈನ್ ಟಿಕೆಟ್‌ಗೆ ಆ ಅವಸರ ಇಲ್ಲ, ಹಿಂದಿನ ದಿನ ತಗೊಂಡ್ರೂ ಸಾಕು, ಆದ್ರೆ ಅವತ್ತು ಮುಷ್ಕರ ಗಿಷ್ಕರ ಇದೆಯಾ ಅಂತ ಮಗಳನ್ನ ಒಂದ್ಸಲ ನೋಡಕ್ಕೆ ಹೇಳಿ.